ಹೊಸ ಆಫೀಸು 38 ಕಿ.ಮೀ. ದೂರ: ಸಂಬಳ ಏರಿದ್ದೆಲ್ಲ ಪೆಟ್ರೋಲಿಗೇ ಹೋಗುತ್ತಾ?

ಪ್ರಶ್ನೆ (ಹೊಸ ಕೆಲಸದವಳು):
ಮುಂದಿನ ತಿಂಗಳಿಂದ ಹೊಸ ಕೆಲಸ. ಸಂಬಳ ಜಾಸ್ತಿ, ದೂರವೂ ಜಾಸ್ತಿ. ಈಗಿನ ಆಫೀಸು ಮನೆಯಿಂದ 12 ಕಿ.ಮೀ., ಪೂರ್ತಿ ಸಿಗ್ನಲ್ಲುಗಳ ದಾರಿ. ಹೊಸದು 38 ಕಿ.ಮೀ., ಬಹುಪಾಲು ಹೆದ್ದಾರಿ. ಆ ಕಡೆ ಸರಿಯಾದ ಬಸ್ಸಿಲ್ಲ. ನನ್ನದು ಚಿಕ್ಕ ಪೆಟ್ರೋಲ್ ಕಾರು. ಊರೊಳಗೆ ಲೀಟರಿಗೆ 11, ಹೆದ್ದಾರಿಯಲ್ಲಿ 16ರ ಹತ್ತಿರ ಕೊಡುತ್ತೆ. ಜಾಸ್ತಿ ಮೈಲೇಜಿನ ಕಾರು ತಗೋ ಅಂತ ಅಣ್ಣ, ಮನೆಯನ್ನೇ ಬದಲಾಯಿಸು ಅಂತ ಅಮ್ಮ. ದೂರ ಮೂರು ಪಟ್ಟು ಅಂದರೆ ಖರ್ಚೂ ಮೂರು ಪಟ್ಟಾ? ಲೆಕ್ಕ ಎಲ್ಲಿಂದ ಶುರು ಮಾಡಲಿ?

ಉತ್ತರ (ಟಾಪ್ ಗೇರ್):
ಇಳಿಜಾರು ಬಂದಾಗಲೆಲ್ಲ ನ್ಯೂಟ್ರಲ್‌ಗೆ ಹಾಕಿ ಬಿಡಿ. ಅರ್ಧ ಪೆಟ್ರೋಲ್ ಉಳಿಯುತ್ತೆ.

ಉತ್ತರ (ಗ್ಯಾರೇಜಿನವನು):
ನ್ಯೂಟ್ರಲ್ ವಿಷಯ ಆಮೇಲೆ ಹೇಳ್ತೀನಿ, ಮೊದಲು ಲೆಕ್ಕ.

ಪೆಟ್ರೋಲ್ ಬೆಲೆ ಏರುತ್ತೆ, ಇಳಿಯುತ್ತೆ. ಅದಕ್ಕೇ ನಾನು ಯಾರಿಗೇ ಆಗಲಿ ಮೊದಲು ಲೀಟರಿನಲ್ಲಿ ಲೆಕ್ಕ ಹಾಕಿಸ್ತೀನಿ. ತಿಂಗಳಿಗೆ 22 ಕೆಲಸದ ದಿನ ಅಂತ ಇಟ್ಟುಕೊಳ್ಳಿ. ಈಗ ದಿನಕ್ಕೆ ಹೋಗಿ ಬಂದು 24 ಕಿ.ಮೀ., ತಿಂಗಳಿಗೆ 528. ಲೀಟರಿಗೆ 11ರಂತೆ 48 ಲೀಟರ್. ಹೊಸ ಕೆಲಸಕ್ಕೆ ದಿನಕ್ಕೆ 76, ತಿಂಗಳಿಗೆ 1,672 ಕಿ.ಮೀ. ಲೀಟರಿಗೆ 16ರಂತೆ ಹೆಚ್ಚುಕಡಿಮೆ 105 ಲೀಟರ್. ದೂರ ಮೂರು ಪಟ್ಟಾದರೂ ಪೆಟ್ರೋಲ್ ಎರಡು ಪಟ್ಟಿಗಿಂತ ಸ್ವಲ್ಪ ಮೇಲೆ, ಅಷ್ಟೇ. ವ್ಯತ್ಯಾಸ 57 ಲೀಟರ್. ಅದನ್ನು ನಿಮ್ಮ ಬಂಕಿನ ದರದಿಂದ ಗುಣಿಸಿ, ಏರಿದ ಸಂಬಳದಲ್ಲಿ ಕೈಗೆ ಬರೋ ಮೊತ್ತದ ಪಕ್ಕ ಇಡಿ. ಟೈರು, ಎಂಜಿನ್ ಆಯಿಲ್, ಬ್ರೇಕ್ ಪ್ಯಾಡ್ ಮಾತ್ರ ಕಿಲೋಮೀಟರ್ ನೋಡಿಕೊಂಡೇ ಬೇಗ ಬರುತ್ತವೆ. ಅವಕ್ಕೂ ಒಂದಿಷ್ಟು ತೆಗೆದಿಡಿ.

ಇನ್ನು ನಿಮ್ಮಣ್ಣ ಹೇಳೋ ಕಾರು. 16ರ ಬದಲು 20 ಕೊಡೋ ಕಾರು ತಗೊಂಡರೆ ತಿಂಗಳಿಗೆ ಉಳಿಯೋದು 21 ಲೀಟರ್. ಆ ದುಡ್ಡಲ್ಲಿ ಹೊಸ ಕಾರಿನ ಕಂತು ಕಟ್ಟೋಕಾಗುತ್ತಾ, ನೀವೇ ನೋಡಿ. ಮೈಲೇಜ್ ಅನ್ನೋ ಸಂಖ್ಯೆ ಜನರನ್ನು ಚೆನ್ನಾಗಿ ಯಾಮಾರಿಸುತ್ತೆ. ಇದೇ ದೂರಕ್ಕೆ, 8 ಕೊಡ್ತಿದ್ದ ಹಳೇ ಗಾಡಿ ಬಿಟ್ಟು 10 ಕೊಡೋದಕ್ಕೆ ಬಂದವನಿಗೆ 42 ಲೀಟರ್ ಉಳಿತಾಯ. 20ರಿಂದ 25ಕ್ಕೆ ಹಾರಿದವನಿಗೆ 17 ಕೂಡ ಇಲ್ಲ. ಕೇಳೋಕೆ ಎರಡನೆಯದೇ ದೊಡ್ಡ ಜಿಗಿತ. ಗ್ಯಾರೇಜಿಗೆ ಬಂದು ಈ ಬಗ್ಗೆ ನನ್ನ ಹತ್ತಿರ ವಾದ ಮಾಡಿದವರಿಗೆ ಲೆಕ್ಕವಿಲ್ಲ. ಕಾಗದ ಪೆನ್ನು ಕೊಟ್ಟ ಮೇಲೆ ಸುಮ್ಮನಾಗ್ತಾರೆ.

ಖರ್ಚಿಲ್ಲದೆ ಉಳಿಸೋದು ಬಲಗಾಲಿನ ಕೆಲಸ. ವೇಗ ಏರಿದಂತೆ ಗಾಳಿಯ ತಡೆ ಅದರ ವರ್ಗದಷ್ಟು ಏರುತ್ತೆ. 80ರಲ್ಲಿ ಹೋಗೋ ಕಾರು 110ಕ್ಕೆ ಬಂದರೆ ಆ ತಡೆ ಹತ್ತಿರ ಹತ್ತಿರ ದುಪ್ಪಟ್ಟು. ಸಿಗೋ ಲಾಭ? 38 ಕಿ.ಮೀ. ಪೂರ್ತಿ ಅದೇ ವೇಗದಲ್ಲಿ ಓಡಿದರೂ ಎಂಟು ನಿಮಿಷದೊಳಗೆ. ನಿಮ್ಮ 16 ಬಂದಿದ್ದು ಯಾವ ವೇಗದಲ್ಲಿ ಅನ್ನೋದನ್ನೂ ನೆನಪು ಮಾಡಿಕೊಳ್ಳಿ. ಟೈರಿಗೆ ಗಾಳಿ ಸರಿಯಾಗಿರಲಿ. ಎಂಜಿನ್ ಕೇಳದಿದ್ದರೆ ದುಬಾರಿ ಹೈ ಆಕ್ಟೇನ್ ಪೆಟ್ರೋಲ್ ಬೇಡ, ಅದರಿಂದ ಮೈಲೇಜ್ ಬರಲ್ಲ.

ಉತ್ತರ (ಹಿಂದಿನ ಸೀಟು):
ಲೀಟರಿನ ಜೊತೆ ಗಂಟೆಯನ್ನೂ ಬರೆದುಕೊಳ್ಳಿ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದ ಒಂದು ಮಾತಿದೆ: ನಡೆದುಹೋಗುವ ಕಾಲವಾಗಲಿ ಕಾರಿನ ಕಾಲವಾಗಲಿ, ಜನ ಓಡಾಟಕ್ಕೆ ಕೊಡೋದು ದಿನಕ್ಕೆ ಸರಾಸರಿ ಒಂದು ಗಂಟೆ. ವಾಹನ ವೇಗವಾದರೆ ಸಮಯ ಉಳಿಯೋದಿಲ್ಲ, ಊರು ಅಗಲವಾಗುತ್ತೆ. ನಿಮ್ಮದು ಆ ಗಂಟೆ ದಾಟುತ್ತೆ ಅನ್ನಿಸುತ್ತೆ.

ಇನ್ನೊಂದು. ಅದೇ ಆಫೀಸಿಗೆ ಹೋಗುವ ಒಬ್ಬರು ದಾರಿಯಲ್ಲಿ ಸಿಕ್ಕರೆ ನಿಮ್ಮ ಪಾಲು 105ರಿಂದ 53 ಲೀಟರಿಗೆ ಬರುತ್ತೆ, ಅಂದರೆ ಈಗಿನ ಖರ್ಚಿನ ಹತ್ತಿರ. 20 ಕೊಡೋ ಹೊಸ ಕಾರೂ ಇಷ್ಟು ಉಳಿಸಲ್ಲ. ವಾರಕ್ಕೊಂದು ದಿನ ಮನೆಯಿಂದ ಕೆಲಸ ಅಂತ ಸೇರುವ ಮುಂಚೆಯೇ ಕೇಳಿ. ಐದರಲ್ಲಿ ಒಂದು ಪಾಲು ಅಲ್ಲೇ ಕಡಿಮೆ. 2022ರಲ್ಲಿ ತೈಲ ಬೆಲೆ ಏರಿದಾಗ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಕೊಟ್ಟ ಹತ್ತು ಸಲಹೆಗಳಲ್ಲೂ ಇವೇ ಇದ್ದವು: ಹೆದ್ದಾರಿ ವೇಗಮಿತಿ ಗಂಟೆಗೆ 10 ಕಿ.ಮೀ. ಇಳಿಸಿ, ಸಾಧ್ಯವಿದ್ದವರು ವಾರಕ್ಕೆ ಮೂರು ದಿನದವರೆಗೆ ಮನೆಯಿಂದ ಕೆಲಸ ಮಾಡಿ, ಕಾರು ಹಂಚಿಕೊಳ್ಳಿ.

ಉತ್ತರ (ಟಾಪ್ ಗೇರ್):
ವೇಗ ಇಳಿಸೋ ಸರ್ಕಾರಿ ಉಪದೇಶ ಯಾರು ಕೇಳ್ತಾರೆ ಸಾರ್?

ಉತ್ತರ (ಗ್ಯಾರೇಜಿನವನು):
ಕಾನೂನೇ ಆಗಿತ್ತಪ್ಪ. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೆ, 1974ರಲ್ಲಿ ಅಮೆರಿಕ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ ಮಿತಿ ತಂತು, ಅಂದರೆ ಸುಮಾರು 89 ಕಿ.ಮೀ. ಪೂರ್ತಿ ತೆಗೆದುಹಾಕಿದ್ದು 1995ರಲ್ಲಿ. ಬಹಳ ಜನ ಅದನ್ನು ಮೀರ್ತಿದ್ದರು, ಆ ಮಾತು ಒಪ್ಪಿದೆ.

ಈಗ ನಿನ್ನ ನ್ಯೂಟ್ರಲ್. ಅದು ಕಾರ್ಬ್ಯುರೇಟರ್ ಕಾಲದ ಬುದ್ಧಿ. ಇವತ್ತಿನ ಫ್ಯೂಯೆಲ್ ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿಂದ ಕಾಲು ತೆಗೆದರೆ, ಎಂಜಿನ್ ಒಂದಿಷ್ಟು ವೇಗದಲ್ಲಿ ತಿರುಗುತ್ತಿರೋವರೆಗೂ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸುತ್ತೆ. ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆಫ್ ಆಗದಂತೆ ಪೆಟ್ರೋಲ್ ಕೊಡಲೇಬೇಕು. ಮೇಲಾಗಿ ಎಂಜಿನ್ ಹಿಡಿತ ತಪ್ಪಿ ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆ.

ಉತ್ತರ (ಹೊಸ ಕೆಲಸದವಳು):
ಎಲ್ಲರಿಗೂ ಥ್ಯಾಂಕ್ಸ್. ಲೆಕ್ಕ ಹಾಕಿದೆ. ಪೆಟ್ರೋಲ್ ಕಳೆದು ಸಂಬಳದಲ್ಲಿ ಚೆನ್ನಾಗಿಯೇ ಉಳಿಯುತ್ತೆ. ನನ್ನನ್ನು ಯೋಚನೆಗೆ ಹಚ್ಚಿರೋದು ಸಮಯ. ಕಾರು ಬದಲಾಯಿಸಲ್ಲ. ವಾರಕ್ಕೊಂದು ದಿನದ ವಿಷಯ ಎಚ್ಆರ್‌ಗೆ ಬರೆದಿದ್ದೀನಿ. ಗ್ಯಾರೇಜಿನ ಸಾರ್, ಒಂದು ಅನುಮಾನ: ಡ್ಯಾಶ್‌ಬೋರ್ಡ್ ತೋರಿಸೋ 16 ನಂಬಬಹುದಾ?

ಉತ್ತರ (ಗ್ಯಾರೇಜಿನವನು):
ಅದು ಅಂದಾಜು, ಒಂದು ಸಲ ತಾಳೆ ನೋಡಿ. ಟ್ಯಾಂಕ್ ತುಂಬಿಸಿ, ನಾಜಲ್ ಮೊದಲ ಸಲ ತಾನೇ ಕಟ್ ಆದಾಗ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬರೋವರೆಗೂ ಓಡಿಸಿ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಬಿಲ್ಲಿನ ಲೀಟರಿನಿಂದ ಭಾಗಿಸಿ. ಹೊಸ ದಾರಿಯಲ್ಲೇ ಮಾಡಿ, ಹಳೇ ದಾರಿಯ ಪೆಟ್ರೋಲ್ ಅದಕ್ಕೆ ಸೇರಿಸಬೇಡಿ.