‘ಖಾಲಿ ಪ್ಯಾಕೆಟ್’ ಸರಿ, ‘ಖಾಲಿಯಾದ ಪ್ಯಾಕೆಟ್’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರಿನ ಗಡಿಯಾರವನ್ನು ನೆಟ್‌ವರ್ಕ್ ಮೂಲಕ ಸರಿಹೊಂದಿಸುವ ಒಂದು ಎನ್‌ಟಿಪಿ ತಂತ್ರಾಂಶದ ಸಂದೇಶಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಳಗೆ ಏನೂ ಇಲ್ಲದ ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಹೋಗುವ ಮಾಹಿತಿಯ ಕಟ್ಟು) ಬಂತು, ಅದನ್ನು ಬಳಸಲಿಲ್ಲ ಎಂದು ಹೇಳುವ ಒಂದೇ ಸಾಲು ಹಿಡಿದು ಎರಡು ದಿನದಿಂದ ಕೂತಿದ್ದೇನೆ.

ವಿಷಯ ಇಷ್ಟು. ಎನ್‌ಟಿಪಿ ಪ್ಯಾಕೆಟ್‌ನಲ್ಲಿ ಕಡಿಮೆ ಅಂದರೂ 48 ಬೈಟ್ ಇರಬೇಕು. ಆದರೆ ಅದು ಬರುವುದು ಯುಡಿಪಿ ಮೇಲೆ, ಅಂದರೆ ಮೊದಲೇ ಸಂಪರ್ಕ ಜೋಡಿಸದೆ ಪ್ಯಾಕೆಟ್ ಕಳಿಸುವ ವಿಧಾನದ ಮೇಲೆ. ಯುಡಿಪಿಯಲ್ಲಿ 8 ಬೈಟಿನ ಹೆಡರ್ (ಪ್ಯಾಕೆಟ್‌ನ ವಿವರ ಹೇಳುವ ಮುಂಭಾಗ) ಮಾತ್ರ ಇದ್ದು, ಒಳಗೆ ಏನೂ ಇಲ್ಲದ ಪ್ಯಾಕೆಟ್ ಕೂಡ ಬರಬಹುದು. ಓದಲು ಹೋದರೆ ಉದ್ದ ಸೊನ್ನೆ. ಸಂಪರ್ಕ ಜೋಡಿಸಿಕೊಂಡು ಮಾತಾಡುವ ಟಿಸಿಪಿಯಲ್ಲಾದರೆ ಸೊನ್ನೆ ಅಂದರೆ ಆ ಕಡೆಯಿಂದ ಮಾತು ಮುಗಿಯಿತು ಅಂತ. ಇಲ್ಲಿ ಹಾಗಲ್ಲ. ಪ್ಯಾಕೆಟ್ ಬಂದಿದೆ, ಬರಿಗೈಲಿ ಬಂದಿದೆ, ಅಷ್ಟೆ. ತಂತ್ರಾಂಶ ಗಾಬರಿಯಾಗಬಾರದು, ಗಡಿಯಾರ ಮುಟ್ಟಬಾರದು, ಮುಂದಿನ ಪ್ಯಾಕೆಟ್‌ಗೆ ಕಾಯಬೇಕು.

ಮೊದಲು ‘ಪ್ಯಾಕೆಟ್ ಖಾಲಿಯಾಗಿದೆ’ ಎಂದು ಬರೆದೆ. ಓದಿದ ಗೆಳತಿ, ‘ಹಾಗಾದ್ರೆ ಇನ್ನು ಪ್ಯಾಕೆಟ್ ಬರಲ್ವಾ?’ ಅಂದಳು. ಅವಳು ಕೇಳಿದ್ದು ಸರಿ. ಖಾಲಿಯಾಯಿತು ಅಂದರೆ ಇದ್ದದ್ದು ಮುಗಿಯಿತು ಅಂತ ಅಲ್ವಾ? ಇಲ್ಲಿ ಏನೂ ಇರಲೇ ಇಲ್ಲ. ‘ಶೂನ್ಯ ಬೈಟ್ ಪ್ಯಾಕೆಟ್’ ಅಂದರೆ, 48 ಬೈಟೂ ಸೊನ್ನೆಯೇ ಆಗಿರುವ ಪ್ಯಾಕೆಟ್ ಎಂದೂ ಓದಬಹುದು. ಅದು ಬೇರೆಯೇ. ‘ಬರಿ ಪ್ಯಾಕೆಟ್ ಬಂತು’ ಅಂದರೆ ಪ್ಯಾಕೆಟ್ ಬಿಟ್ಟು ಬೇರೇನೂ ಬರಲಿಲ್ಲ ಅನ್ನಿಸುತ್ತದೆ.

‘ಜೊಳ್ಳು’ ನನಗೆ ತುಂಬಾ ಇಷ್ಟ. ಹೊರಗೆ ಸಿಪ್ಪೆ ಇದೆ, ಒಳಗೆ ಕಾಳಿಲ್ಲ. ಹೆಡರ್ ಇದ್ದು ಒಳಗೇನೂ ಇಲ್ಲದ ಪ್ಯಾಕೆಟ್‌ಗೆ ಇದಕ್ಕಿಂತ ಹತ್ತಿರದ ಮಾತು ಸಿಗಲಿಲ್ಲ. ಆದರೆ ಅದರಲ್ಲಿ ಸ್ವಲ್ಪ ಬೈಗುಳ ಇದೆ. ಕಳಿಸಿದವರದು ತಪ್ಪೋ ಅಲ್ಲವೋ ತಂತ್ರಾಂಶಕ್ಕೆ ಗೊತ್ತಿರುವುದಿಲ್ಲ. ಕೊನೆಗೆ ‘ಆಗು’ ಸೇರಿಸದೆ, ಸುಮ್ನೆ ‘ಖಾಲಿ ಪ್ಯಾಕೆಟ್’ ಎಂದೇ ಇಟ್ಟೆ.

ಕ್ರಿಯಾಪದ ಇನ್ನೂ ಕಷ್ಟ. ‘ತಿರಸ್ಕರಿಸಲಾಗಿದೆ’ ಅಂದರೆ ಕಳಿಸಿದವರಿಗೆ ಬೇಡ ಅಂತ ಹೇಳಿದ ಹಾಗೆ. ನಿಜವಾಗಿ ಯಾವ ಉತ್ತರವೂ ಹೋಗುವುದಿಲ್ಲ. ‘ಕಡೆಗಣಿಸಲಾಗಿದೆ’ ಅಂದರೆ ಗಮನ ಕೊಡಬೇಕಾದ್ದಕ್ಕೆ ಕೊಡಲಿಲ್ಲ ಎಂಬ ದೂರು. ‘ಬಿಡಲಾಗಿದೆ’ ಅಂತೂ ಬೇಡವೇ ಬೇಡ. ನೀರು ಬಿಟ್ಟರು, ಒಳಗೆ ಬಿಟ್ಟರು ಅನ್ನುತ್ತೇವಲ್ಲ, ಪ್ಯಾಕೆಟನ್ನು ಕಳಿಸಿದರು ಅಥವಾ ಒಳಗೆ ಸೇರಿಸಿಕೊಂಡರು ಎಂಬ ಉಲ್ಟಾ ಅರ್ಥ ಬರುತ್ತದೆ.

ಈಗ ಬರೆದಿರುವುದು: ‘ಖಾಲಿ ಪ್ಯಾಕೆಟ್ ಬಂದಿದೆ, ಕೈಬಿಡಲಾಗಿದೆ.’ ಕೈಬಿಡು ಅಂದಾಗ ನಿಮಗೆ ಆಸರೆ ತಪ್ಪಿಸಿದ ಹಾಗೆ ಕೇಳುತ್ತದಾ? ಅದರ ಬದಲು ‘ಬಳಸಿಲ್ಲ’ ಅಂದರೆ ಸಾಕಾ?