ಪಾರ್ಕಿಂಗ್ ಜಾಗದ ಡಾಂಬರು: ಮಟ್ಟದಲ್ಲಿ ಎಷ್ಟು ಎಂಎಂ ಏರುಪೇರು ಒಪ್ಪಬಹುದು?

ಪ್ರಶ್ನೆ: ಕಲ್ಯಾಣ ಮಂಟಪದ ಮುಂದೆ 40×24 ಮೀಟರ್ ಪಾರ್ಕಿಂಗ್. 24 ಮೀಟರ್ ಅಗಲಕ್ಕೆ ಒಂದೇ ಕಡೆ 1% ಇಳಿಜಾರು, ಕೊನೆಯಲ್ಲಿ ಜಾಲರಿ ಚರಂಡಿ. ವೆಟ್ ಮಿಕ್ಸ್ (ಡಾಂಬರಿನ ಕೆಳಗೆ ಹಾಸುವ, ನೀರು ಬೆರೆಸಿದ ಜಲ್ಲಿ ಪದರ) ನಡೀತಿದೆ. ಗುತ್ತಿಗೆದಾರರು ‘±10 ಎಂಎಂ ಸಾಕು’ ಅಂತಾರೆ. ಒಪ್ಪಲಾ?

ಉತ್ತರ 1: ಯಂತ್ರದಲ್ಲಿ ಹಾಸಿದ ವೆಟ್ ಮಿಕ್ಸ್‌ಗೆ ±10, ಡಾಂಬರಿನ ಮೇಲ್ಪದರಕ್ಕೆ ±6 ಅಂತ ಮೋರ್ತ್ (ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ) ನಿಯಮವೇ ಹೇಳುತ್ತೆ. ಆದರೆ ಅದು ರಸ್ತೆ ಕೆಲಸದ ಲೆಕ್ಕ ಸರ್. ನಿಮ್ಮ 1%ರಲ್ಲಿ ಮೀಟರಿಗೆ ಇಳಿಯೋದು 10 ಎಂಎಂ ಮಾತ್ರ. ಮೇಲ್ಪದರದಲ್ಲಿ ಒಂದು ಕಡೆ 6 ತಗ್ಗು, ಮೀಟರ್ ಮುಂದೆ 6 ಉಬ್ಬು ಬಂದರೆ 12 ಆಯ್ತು, ನೀರು ನಿಂತೇ ನಿಲ್ಲುತ್ತೆ. ಚರಂಡಿಯನ್ನು ನಡುವೆ ತನ್ನಿ. ಎರಡೂ ಕಡೆಯಿಂದ 12 ಮೀಟರಿಗೆ 2% ಕೊಟ್ಟರೂ ಒಟ್ಟು ಇಳಿತ ಅದೇ 240 ಎಂಎಂ.

ಉತ್ತರ 2: ಇಳಿಜಾರು ಒಪ್ಪುವೆ. ಆದರೆ ವೆಟ್ ಮಿಕ್ಸ್ ತಗ್ಗನ್ನು ‘ಡಾಂಬರಲ್ಲಿ ಮುಚ್ಚಿಬಿಡ್ತೀವಿ’ ಅಂದರೆ ಖಂಡಿತ ಬಿಡಬೇಡಿ. ಸಡಿಲ ಡಾಂಬರು ರೋಲರ್ ಕೆಳಗೆ ಸುಮಾರು ಐದನೇ ಒಂದು ಭಾಗ ಕುಗ್ಗುತ್ತೆ. 20 ಎಂಎಂ ತಗ್ಗು ತುಂಬಿಸಿದರೂ 4 ಎಂಎಂ ಮತ್ತೆ ಕಾಣುತ್ತೆ. ಮೇಲೆ ತೆಳುವಾಗಿ ಜಲ್ಲಿಪುಡಿ ಉದುರಿಸೋದೂ ಬೇಡ, ಕಿತ್ತುಬರುತ್ತೆ. ಆ ಜಾಗ ಕೆದಕಿ, ಹೊಸ ಮಿಶ್ರಣ ಸೇರಿಸಿ, ನೀರು ಹಾಕಿ ಮತ್ತೆ ರೋಲ್ ಮಾಡಿಸಿ. ಮಟ್ಟವನ್ನು 5 ಮೀಟರ್ ಚೌಕದಲ್ಲಿ ನೋಡಿ, ಚರಂಡಿ ಹತ್ತಿರ 2 ಮೀಟರಿಗೆ.

ಉತ್ತರ 3: ಜಾಲರಿ ಅಂಚಿನಲ್ಲಿ ಮೈನಸ್ ಒಪ್ಪಲೇಬೇಡಿ: ಡಾಂಬರು ಜಾಲರಿಗಿಂತ 5–6 ಎಂಎಂ ಮೇಲಿರಲಿ, ಕೆಳಗಿದ್ದರೆ ಚರಂಡಿ ಪಕ್ಕದಲ್ಲೇ ಕೆರೆ. ಗೆರೆ ಬಳಿಯುವ ಮುಂಚೆ ಟ್ಯಾಂಕರ್ ನೀರು ಬಿಟ್ಟು, ಅರ್ಧ ಗಂಟೆ ಬಿಟ್ಟು ನಿಂತ ಜಾಗಕ್ಕೆ ಸೀಮೆಸುಣ್ಣ ಗುರುತು ಹಾಕಿ. ಕೊನೆ ಬಿಲ್ ಅದಾದ ಮೇಲೆ.