ದಾವಣಗೆರೆ ಉತ್ತರಕ್ಕೆ ಪಕ್ಷೇತರ ಅಭ್ಯರ್ಥಿ: ನಾಮಪತ್ರ, ಚಿಹ್ನೆ, ಖರ್ಚಿನ ಲೆಕ್ಕ ಹೇಗೆ?

ವಿದ್ಯಾನಗರದವ:
ಪರಿಚಯದವರೊಬ್ಬರು ಮುಂದಿನ ವಿಧಾನಸಭೆಗೆ ದಾವಣಗೆರೆ ಉತ್ತರದಿಂದ ಪಕ್ಷೇತರರಾಗಿ ನಿಲ್ಲೋರಿದ್ದಾರೆ. ಬೆನ್ನಿಗೆ ಪಕ್ಷದ ಆಫೀಸೂ ಇಲ್ಲ, ವಕೀಲರೂ ಇಲ್ಲ. ನಾಮಪತ್ರ ಎಲ್ಲೆಲ್ಲಿ ಬಿದ್ದುಹೋಗುತ್ತೆ? ಕರಪತ್ರ ಈಗಲೇ ಅಚ್ಚು ಹಾಕಿಸಬಹುದಾ? ಲೆಕ್ಕ ಯಾವತ್ತಿಂದ ಶುರು? ಗೊತ್ತಿದ್ದೋರು ಹೇಳ್ರಿ.

ಜೋಗಿಮಟ್ಟಿ:
ಮೊದಲು ಸೂಚಕರನ್ನ, ಅಂದರೆ ನಾಮಪತ್ರದಲ್ಲಿ ಅಭ್ಯರ್ಥಿಯ ಹೆಸರು ಸೂಚಿಸಿ ಸಹಿ ಹಾಕೋರನ್ನ ಹುಡುಕ್ರಿ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ 10 ಜನ ಬೇಕು. ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ನಿಮ್ಮೂರಲ್ಲಿ ತೊಡಕಿರೋದೇ ಇಲ್ಲಿ: ಊರು ಒಂದು, ಕ್ಷೇತ್ರ ಎರಡು. ಪಕ್ಕದ ಬೀದಿಯ ಗೆಳೆಯನ ಹೆಸರು ದಕ್ಷಿಣದ ಪಟ್ಟಿಯಲ್ಲಿದ್ದರೆ ಅವನ ಸಹಿ ದಂಡ. ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡನ್ನೂ ಹೊಸ ಪಟ್ಟಿ ನೋಡಿಯೇ ಬರೀರಿ. ಹೆಬ್ಬೆಟ್ಟು ಒತ್ತೋರಿದ್ದರೆ ಚುನಾವಣಾಧಿಕಾರಿ ಎದುರಿಗೇ ಒತ್ತಬೇಕು, ಮನೇಲಿ ಒತ್ತಿಸಿ ತಂದರೆ ನಡೆಯಲ್ಲ. ನಾಮಪತ್ರ ನಾಲ್ಕು ಸೆಟ್ ತನಕ ಕೊಡಬಹುದು. ಎರಡನೇ ಸೆಟ್‌ಗೆ ಬೇರೆ ಹತ್ತು ಜನರನ್ನ ಹಾಕೋದು ಜಾಣತನ.

ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ವಿವರ ಕೊಡೋ ನಮೂನೆ 26ರ ಅಫಿಡವಿಟ್‌ನಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡಬೇಡ್ರಿ. ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಅಂತ ಬರೀರಿ. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಚೆಕ್ ತಗೊಳ್ಳಲ್ಲ. ಅಭ್ಯರ್ಥಿಯ ಪ್ರಮಾಣ ವಚನವನ್ನ ನಾಮಪತ್ರ ಪರಿಶೀಲನೆಯ ಹಿಂದಿನ ದಿನದೊಳಗೇ ಮುಗಿಸಬೇಕು. ಕಾಗದ ಕೊಟ್ಟ ಖುಷಿಯಲ್ಲಿ ಇದನ್ನ ಮರೆಯೋರು ಇದ್ದಾರೆ.

ಹೊಸದುರ್ಗದ_ತೆಂಗು:
ಕರಪತ್ರ ಈಗ ಬೇಡ. ಚಿಹ್ನೆ ಇಲ್ಲದ ಕರಪತ್ರ ಪಕ್ಷೇತರನಿಗೆ ರದ್ದಿ. ಮುಕ್ತ ಚಿಹ್ನೆಗಳ ಪಟ್ಟಿಯಿಂದ ಮೂರನ್ನ ಆದ್ಯತೆಯ ಪ್ರಕಾರ ನಾಮಪತ್ರದಲ್ಲೇ ಬರೀಬೇಕು, ಆದರೆ ಚಿಹ್ನೆ ಹಂಚೋದು ನಾಮಪತ್ರ ವಾಪಸ್ ತಗೊಳ್ಳೋ ಗಡುವು ಮುಗಿದ ಮೇಲೆ. 2023ರಲ್ಲಿ ಆ ಗಡುವು ಏಪ್ರಿಲ್ 24, ಬಹಿರಂಗ ಪ್ರಚಾರ ಮುಗಿದದ್ದು ಮೇ 8ರ ಸಂಜೆ. ಅಂದರೆ ಚಿಹ್ನೆ ಕೈಯಲ್ಲಿ ಹಿಡ್ಕೊಂಡು ಓಡಾಡೋಕೆ ಸಿಕ್ಕಿದ್ದು ಬರೀ ಎರಡು ವಾರ. ಅದಕ್ಕೇ ವಿನ್ಯಾಸ, ಫೋಟೋ, ಬರಹ ಎಲ್ಲ ಸಿದ್ಧ ಮಾಡಿಟ್ಟು, ಚಿಹ್ನೆಯ ಜಾಗ ಮಾತ್ರ ಖಾಲಿ ಬಿಡ್ರಿ. ಜನ ನೆನಪಿಟ್ಟುಕೊಳ್ಳೋ ವಸ್ತುವನ್ನೇ ಚಿಹ್ನೆಯಾಗಿ ಆರಿಸಿ. ಪಟ್ಟಿಯಲ್ಲಿ ಕೆಲವು ಚಿಹ್ನೆಗಳು ಸಣ್ಣದಾಗಿ ಅಚ್ಚಾದರೆ ಏನು ಅಂತಲೇ ತಿಳಿಯಲ್ಲ. ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇಲ್ಲದೆ ಒಂದು ಹಾಳೆಯೂ ಹೊರಗೆ ಬರಬಾರದು.

ಇನ್ನೊಂದು: ಮತಯಂತ್ರದಲ್ಲಿ ಮಾನ್ಯ ಪಕ್ಷಗಳು ಮೇಲೆ, ನೋಂದಾಯಿತ ಸಣ್ಣ ಪಕ್ಷಗಳು ನಡುವೆ, ಪಕ್ಷೇತರರು ಕೊನೆಗೆ. ಒಂದು ಯಂತ್ರಕ್ಕೆ ನೋಟಾ ಸೇರಿ 16 ಗುಂಡಿ. ಅಭ್ಯರ್ಥಿಗಳು 15 ದಾಟಿದರೆ ನಿಮ್ಮವರು ಎರಡನೇ ಯಂತ್ರದಲ್ಲಿರಬಹುದು. ಆಗ ‘ಎರಡನೇ ಪೆಟ್ಟಿಗೆ, ಇಂತಿಷ್ಟನೇ ಗುಂಡಿ’ ಅಂತಲೇ ಕೂಗಬೇಕು. ಪಕ್ಷೇತರ ಅಂದ ಕೂಡಲೇ ಕೈಬಿಡಬೇಡ್ರಿ ಮತ್ತೆ, 2008ರಲ್ಲಿ ನಮ್ಮ ಹೊಸದುರ್ಗ, ಪಕ್ಕದ ಹಿರಿಯೂರು ಎರಡರಲ್ಲೂ ಪಕ್ಷೇತರರೇ ಗೆದ್ದಿದ್ದು.

ಲೆಕ್ಕದ_ಪುಸ್ತಕ:
ನಾಮಪತ್ರ ಕೊಟ್ಟ ದಿನದಿಂದ ಫಲಿತಾಂಶದ ದಿನದವರೆಗೆ ಖರ್ಚಿನ ಲೆಕ್ಕ. ಮೊದಲೇ ಕೊಂಡಿಟ್ಟ ಬಾವುಟ, ಶಾಲನ್ನ ಆಮೇಲೆ ಬಳಸಿದರೆ ಅದೂ ಸೇರುತ್ತೆ. ಮಿತಿ 40 ಲಕ್ಷ. ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ಹೊಸ ಬ್ಯಾಂಕ್ ಖಾತೆ ತೆರೀರಿ, ಸ್ವಂತ ದುಡ್ಡಾದರೂ ಅದರ ಮೂಲಕವೇ ಹೋಗಬೇಕು. ಇಡೀ ಚುನಾವಣೆಗೆ ಒಬ್ಬ ವ್ಯಕ್ತಿಗೆ ನಗದಾಗಿ ಕೊಡಬಹುದಾದ್ದು 10,000 ಮಾತ್ರ. ಶಾಮಿಯಾನದವರಿಗೆ ದಿನಾ ಎರಡೆರಡು ಸಾವಿರ ಕೊಡ್ತಾ ಹೋದರೆ ಆರನೇ ದಿನಕ್ಕೆ ತಪ್ಪು.

ಊಟ, ತಿಂಡಿ, ಕುರ್ಚಿ ಎಲ್ಲಕ್ಕೂ ಜಿಲ್ಲಾಡಳಿತದ ದರಪಟ್ಟಿ ಇರುತ್ತೆ. ಕಾರ್ಯಕರ್ತರಿಗೆ ಕೊಡೋ ಮಂಡಕ್ಕಿ-ಮಿರ್ಚಿಯೂ ಪುಸ್ತಕಕ್ಕೆ ಏರಬೇಕು, ಯಾಕಂದರೆ ಆಯೋಗದ ವೆಚ್ಚ ವೀಕ್ಷಕರ ಕಡೆಯವರು ವಿಡಿಯೋ ನೋಡಿ ಬೇರೆ ಪುಸ್ತಕ ಬರೀತಿರ್ತಾರೆ. ಪ್ರಚಾರದ ಅವಧಿಯಲ್ಲಿ ಮೂರು ಸಲ ತಪಾಸಣೆ, ಅಲ್ಲಿ ಎರಡೂ ಪುಸ್ತಕ ಹೊಂದದಿದ್ದರೆ ನೋಟಿಸು. ಫಲಿತಾಂಶ ಬಂದ 30 ದಿನದೊಳಗೆ ಕೊನೆಯ ಲೆಕ್ಕ ಕೊಡಬೇಕು. ಸೋತವರು ಇದನ್ನ ಕಡೆಗಣಿಸಿಯೇ ಮೂರು ವರ್ಷ ಅನರ್ಹರಾಗೋದು.

ವಿದ್ಯಾನಗರದವ:
ಉಪಕಾರ ಆಯ್ತು. ಮೈಕಿನ ಆಟೋಗೆ ಅನುಮತಿ ಹೇಗೆ?

ಲೆಕ್ಕದ_ಪುಸ್ತಕ:
ಚುನಾವಣಾ ಆಯೋಗದ ಆನ್‌ಲೈನ್ ಅನುಮತಿ ವ್ಯವಸ್ಥೆ ‘ಸುವಿಧಾ’ದಲ್ಲಿ 48 ಗಂಟೆ ಮೊದಲೇ ಅರ್ಜಿ ಹಾಕ್ರಿ. ಅನುಮತಿಯ ಮೂಲ ಪ್ರತಿಯನ್ನ ಗಾಡಿಯ ಮುಂದಿನ ಗಾಜಿಗೇ ಅಂಟಿಸ್ರಿ, ಜೆರಾಕ್ಸ್ ಬೇಡ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮೈಕ್ ಬಂದ್.